ಈಜುಕೊಳದ ನೀರಿನ ವರ್ಗಾವಣೆ

ಅಳತೆ ಮತ್ತು ತೂಕದ ಕಚೇರಿಯ ಈಜುಕೊಳವು ನೆಲದ ಮೇಲಿದೆ, ನೆಲದೊಳಗಿಲ್ಲ. ಸಿಬ್ಬಂದಿಯ ಆರೋಗ್ಯಕ್ಕೆ ಒಂದು ಈಜುಕೊಳ, ಹಳೆಯ ಕಡತಗಳಿಗೆ ಒಂದು ದಾಖಲೆ ಕೊಠಡಿ ಬೇಕೆಂದು ಕಚೇರಿಯು ಒಂದೇ ವರ್ಷ ಎರಡು ಮನವಿ ಸಲ್ಲಿಸಿತ್ತು. ದಾಖಲೆ ಕೊಠಡಿಗೆ ನೆಲ ಅಗೆಯಲು ಅನುಮತಿ ಬಂತು, ಕಟ್ಟಲು ಬರಲಿಲ್ಲ. ಈಜುಕೊಳಕ್ಕೆ ಕಟ್ಟಲು ಅನುಮತಿ ಬಂತು, ಅಗೆಯಲು ಬರಲಿಲ್ಲ. ಹೀಗಾಗಿ ಕಚೇರಿಯ ಹಿತ್ತಲಿನಲ್ಲಿ ಕಟ್ಟಡವಿಲ್ಲದ ಒಂದು ಗುಂಡಿಯೂ ಅದರ ಪಕ್ಕದಲ್ಲೇ ಗುಂಡಿಯಿಲ್ಲದ ಒಂದು ಕೊಳವೂ ಇವೆ. ಎರಡೂ ನಿಯಮಬದ್ಧವಾಗಿವೆ.

ಕೊಳದ ಹೊರಗೋಡೆ ತಗಡಿನದು. ಒಳಗೆ ನೀಲಿ ಪ್ಲಾಸ್ಟಿಕ್ ಹಾಳೆಯ ಹೊದಿಕೆ. ಉದ್ದ ಇಪ್ಪತ್ತನಾಲ್ಕು ಅಡಿ. ಏಣಿ ಹತ್ತಿ ಒಳಗಿಳಿಯಬೇಕು. ವರ್ಷಕ್ಕೊಮ್ಮೆ ನಾಲ್ಕಡಿ ನೀರು ತುಂಬಿಸಲಾಗುತ್ತದೆ; ಎರಡನೆಯ ಸಲ ತುಂಬಿಸಲು ಸೋರಿಕೆ ಸಾಬೀತಾಗಬೇಕು. ಮೂರು ವರ್ಷ ಅದು ಒಂದು ದೂರಿಗೂ ಆಸ್ಪದ ಕೊಡಲಿಲ್ಲ. ನಾಲ್ಕನೆಯ ವರ್ಷ ಹೊಸ ಮುಖ್ಯಾಧಿಕಾರಿಗಳು ಬಂದರು. ಹಿಂದಿನವರು ಉದ್ಘಾಟಿಸಿದ್ದ ಕೊಳವನ್ನು ಮತ್ತೊಮ್ಮೆ ಉದ್ಘಾಟಿಸಿದರು. ಅವರು ಕುರ್ಚಿಯಿಂದ ಏಳದೆಯೇ ಪರದೆ ಸರಿಸುವಂತಾಗಲಿ ಎಂದು ಅವರ ಹೆಸರಿನ ಹಿತ್ತಾಳೆ ಫಲಕವನ್ನು ಕೊಳದ ಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಕೂರಿಸಲಾಯಿತು. ಫಲಕ ಬೀಳಬಾರದೆಂಬ ಮುತುವರ್ಜಿಯಿಂದ ಸ್ಟೋರ್‌ಕೀಪರ್ ತಾವೇ ನಿಂತು ನಾಲ್ಕು ಉದ್ದನೆಯ ಸ್ಕ್ರೂಗಳನ್ನು ತಿರುಗಿಸಿದರು. ಫಲಕ ಒಂದಿಷ್ಟೂ ಅಲ್ಲಾಡಲಿಲ್ಲ.

ಮರುದಿನದಿಂದ ನೀರು ಇಳಿಯತೊಡಗಿತು. ಈ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂದು ಯಾರೂ ಲಿಖಿತವಾಗಿ ಹೇಳಿರಲಿಲ್ಲ. ನಾನು ಈ ಕಚೇರಿಯ ಟಿಪ್ಪಣಿ ಗುಮಾಸ್ತ. ಲಿಖಿತವಾಗಿ ಇಲ್ಲದ್ದನ್ನು ನೋಡುವ ಪದ್ಧತಿ ನನಗಿಲ್ಲ.

ಇದನ್ನು ಮೊದಲು ಕಂಡವರು ಈಜು ಮೇಷ್ಟ್ರು. ಮೊದಲು ಕಂಗಾಲಾದವರು ಟೈಪಿಸ್ಟಮ್ಮ. ಮೂವತ್ತನಾಲ್ಕು ವರ್ಷದಿಂದ ಕಚೇರಿಯ ಆದೇಶಗಳನ್ನೆಲ್ಲ ಟೈಪು ಮಾಡುತ್ತಿದ್ದ ಆಕೆ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ನಿವೃತ್ತರಿಗೆ ಕೊಳಕ್ಕೆ ಪ್ರವೇಶವಿಲ್ಲ. ಅಷ್ಟರೊಳಗೆ, ಕಾಲು ತಳಕ್ಕೆ ತಾಗಿಸದೆ, ಈ ತುದಿಯಿಂದ ಆ ತುದಿಗೆ ಒಂದೇ ಒಂದು ಸಲ ಈಜಿಬಿಡಬೇಕೆಂದು ಅವರು ಹಟ ಹಿಡಿದಿದ್ದರು. ಹಟಕ್ಕೆ ಕಾರಣ ಏಳು ವರ್ಷದ ಮೊಮ್ಮಗಳು.

"ನಮ್ಮಜ್ಜಿ ಬಕೆಟ್ಟಿನಲ್ಲೂ ಮುಳುಗ್ತಾಳೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೆ ಮೇಷ್ಟ್ರೇ, ಆ ಚೋಟುದ್ದದ್ದು!"

"ಇವತ್ತು ಹದಿನಾರಡಿ ಆಯ್ತಲ್ಲಮ್ಮ. ಇನ್ನು ಎಂಟೇ ಅಡಿ."

"ಎಂಟಡಿ ನಾನು ಈಜ್ತೀನಿ. ನೀರು ನಿಲ್ಲಬೇಕಲ್ಲ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಎರಡೂವರೆ ಅಡಿಗಿಂತ ಇಳಿದ್ರೆ ಕಷ್ಟ. ಕಾಲು ಬಡಿದ್ರೆ ತಳ ಸಿಗುತ್ತೆ. ಆಮೇಲೆ ಅದಕ್ಕೆ ಈಜು ಅನ್ನಲ್ಲಮ್ಮ, ತೆವಳೋದು ಅಂತಾರೆ."

ದಿನಕ್ಕೆ ಮೂರು ಬೆರಳಿನಷ್ಟು ನೀರು ಇಳಿಯುತ್ತಿದೆಯೆಂದು ಅವರು ಅಂದೇ ದೂರು ಬರೆದುಕೊಟ್ಟರು. ದೂರು ಅಂದೇ ವಾಪಸು ಬಂತು. "ಬೆರಳು ಮಾನ್ಯತೆ ಪಡೆದ ಅಳತೆಯಲ್ಲ. ಯಾರ ಬೆರಳು, ಯಾವ ಬೆರಳು, ಅಡ್ಡವೋ ಉದ್ದವೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು." ಮೇಷ್ಟ್ರು ಮನೆಯಿಂದ ಒಂದು ಅಳತೆಪಟ್ಟಿ ತಂದರು. ಅದರ ಮೇಲೆ ನಮ್ಮ ಕಚೇರಿಯ ಮುದ್ರೆ ಇರಲಿಲ್ಲವಾದ್ದರಿಂದ ಅದನ್ನು ಜಪ್ತಿ ಮಾಡಲಾಯಿತು. ಕೊನೆಗೆ, ಸೇವಾ ಹಿರಿತನವನ್ನು ಪರಿಗಣಿಸಿ, ಸ್ಟೋರ್‌ಕೀಪರ್ ಅವರ ಬಲಗೈ ತೋರುಬೆರಳನ್ನು ಅಧಿಕೃತ ಬೆರಳೆಂದು ಘೋಷಿಸಿ ಅದರ ಮೇಲೆ ಮುದ್ರೆ ಒತ್ತಲಾಯಿತು. ನೀರು ತಾಗಿದರೆ ಮುದ್ರೆ ಅಳಿಸುವುದರಿಂದ ಸದರಿ ಬೆರಳನ್ನು ಕೊಳದಿಂದ ದೂರವಿಡಬೇಕೆಂದು ಅದೇ ಆದೇಶದ ಎರಡನೆಯ ಕಲಮು ಹೇಳಿತು.

ಇಷ್ಟು ತೀರ್ಮಾನವಾಗುವಷ್ಟರಲ್ಲಿ ನೀರು ಮೂರಡಿಗೆ ಬಂದಿತ್ತು.

ಮೇಷ್ಟ್ರು ಬೆರಳಿನ ವಿಷಯ ಬಿಟ್ಟು ಬಕೆಟ್ ಕೇಳಿದರು. ಬಕೆಟ್ಟಿನಲ್ಲಿ ನೀರು ತುಂಬಿಸಿ ಕೊಳದೊಳಗೆ ಏಣಿಯ ಮೆಟ್ಟಿಲ ಮೇಲಿಡುವುದು. ಬಕೆಟ್ಟಿಗೊಂದು ಗೆರೆ, ಕೊಳದ ಗೋಡೆಗೊಂದು ಗೆರೆ. ಬಿಸಿಲಿಗೆ ಆರುವ ನೀರು ಎರಡರಲ್ಲೂ ಸಮ. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ತೂತಿದೆಯೆಂದು ಅರ್ಥ. ಮಾರನೆಯ ದಿನ ನೋಡಿದರೆ ಬಕೆಟ್ಟಿನಲ್ಲಿ ಕೂದಲೆಳೆಯಷ್ಟು, ಕೊಳದಲ್ಲಿ ಅದೇ ಮೂರು ಬೆರಳು.

ಸ್ಟೋರ್‌ಕೀಪರ್ ಸ್ಥಳ ಪರಿಶೀಲಿಸಿ ವರದಿ ಕೊಟ್ಟರು: "ಬಕೆಟ್ಟಿನಲ್ಲೂ ನೀರು ಇಳಿದಿರುವುದು ಕಂಡುಬಂದಿದೆ. ಬಕೆಟ್ ಸೋರುವುದಿಲ್ಲವೆಂದು ಉಗ್ರಾಣವು ಈಗಾಗಲೇ ದೃಢೀಕರಿಸಿದೆ. ಆದುದರಿಂದ ಇಳಿಯುವುದು ನೀರಿನ ಸ್ವಭಾವವೆಂದು ತೀರ್ಮಾನಿಸಬಹುದಾಗಿದೆ."

"ಸಾರ್, ನಿಮ್ಮನೆ ಕೊಡದಲ್ಲೂ ಇಳಿಯುತ್ತಾ?" ಎಂದರು ಮೇಷ್ಟ್ರು.

"ಮನೆ ವಿಷಯ ಕಚೇರಿಗೆ ತರಬೇಡಿ ಮೇಷ್ಟ್ರೇ."

ಉಳಿದದ್ದು ಶಾಯಿ ಪರೀಕ್ಷೆ. ನೀರು ಕದಡದಂತೆ ಗೋಡೆಯ ಹತ್ತಿರ ಒಂದು ಹನಿ ಶಾಯಿ ಬಿಟ್ಟರೆ, ತೂತಿರುವ ಕಡೆ ಅದು ತಾನಾಗಿ ಎಳೆದುಕೊಂಡು ಹೋಗುತ್ತದೆ. ನೀಲಿ ಹಾಳೆಯ ಮುಂದೆ ನೀಲಿ ಶಾಯಿ ಕಾಣುವುದಿಲ್ಲ. ಕೆಂಪು ಶಾಯಿ ತಪ್ಪುಗಳಿಗೆ ಮೀಸಲು; ತಪ್ಪು ನಡೆದಿದೆಯೆಂದು ಇನ್ನೂ ಸಾಬೀತಾಗಿರಲಿಲ್ಲ. ಉಳಿದದ್ದು ಹಸಿರು. ಹಸಿರು ಶಾಯಿಯನ್ನು ಮುಖ್ಯಾಧಿಕಾರಿಗಳ ಹೊರತು ಬೇರೆಯವರು ಮುಟ್ಟುವಂತಿಲ್ಲ. ಆದ್ದರಿಂದ ಮುಖ್ಯಾಧಿಕಾರಿಗಳು ಖುದ್ದಾಗಿ, ಪ್ಯಾಂಟು ಮಡಚಿಕೊಂಡು, ಪೆನ್ನಿನ ಸಮೇತ ಕೊಳಕ್ಕೆ ಇಳಿದರು. ಮಡಿಕೆಗಿಂತ ನೀರು ಮೇಲಿತ್ತು. ಅದನ್ನು ಯಾರೂ ಅವರ ಗಮನಕ್ಕೆ ತರಲಿಲ್ಲ.

ಏಣಿಯ ಬಳಿ ಹನಿ ಬಿಟ್ಟರು. ಹನಿ ಹೊಗೆಯಂತೆ ನಿಂತಲ್ಲೇ ನಿಂತಿತು. ಹಾಳೆಯ ಬೆಸುಗೆಯ ಉದ್ದಕ್ಕೂ ಬಿಟ್ಟರು, ಅಲ್ಲೂ ನಿಂತಿತು. ಫಲಕದ ಹಿಂಬದಿಗೆ ಬಂದಾಗ ಹಸಿರು ನಾಲ್ಕು ಎಳೆಯಾಗಿ ಸೀಳಿ ನಾಲ್ಕು ಕಡೆ ಗೋಡೆಯೊಳಕ್ಕೆ ಹೋಯಿತು. ಹೊರಗೆ, ಹಿತ್ತಾಳೆಯ ಮೇಲೆ, ನಾಲ್ಕು ಹಸಿರು ಹನಿಗಳು ಮುಖ್ಯಾಧಿಕಾರಿಗಳ ಹೆಸರಿನ ಮೇಲಿಂದ ನಿಧಾನವಾಗಿ ಇಳಿದವು.

"ಏನಾಯ್ತು?" ಒಳಗಿನಿಂದ ಕೇಳಿದರು.

ಸ್ಟೋರ್‌ಕೀಪರ್ ತಮ್ಮ ಅಧಿಕೃತ ಬೆರಳನ್ನು ಜೇಬಿಗೆ ಹಾಕಿಕೊಂಡರು. "ಶಾಯಿಗೂ ತಮ್ಮ ಹೆಸರು ಎಲ್ಲಿದೆ ಅಂತ ಗೊತ್ತು ಸಾರ್!"

"ಸಾರ್, ನಾಲ್ಕು ಸ್ಕ್ರೂ ಬಿಚ್ಚಿ ಅಂಗೈಯಗಲ ತೇಪೆ ಹಾಕಿದ್ರೆ ಮುಗೀತು," ಎಂದರು ಮೇಷ್ಟ್ರು. "ಅರ್ಧ ಗಂಟೆ ಕೆಲಸ."

"ನನ್ನ ಹೆಸರು ಸೋರ್ತಿದೆ ಅಂತೀರಾ?"

"ಹೆಸರಲ್ಲ ಸಾರ್, ಸ್ಕ್ರೂ."

ಫಲಕ ನಿಯಮಾವಳಿಯ ಏಳನೆಯ ಕಲಮನ್ನು ಓದಿ ಹೇಳುವಂತೆ ನನಗೆ ಸೂಚಿಸಲಾಯಿತು. ಓದಿದೆ: ಉದ್ಘಾಟಿತ ವಸ್ತುವು ಬೇರೆ ಸ್ಥಳಕ್ಕೆ ಹೋದ ಹೊರತು ಉದ್ಘಾಟನಾ ಫಲಕವನ್ನು ತೆಗೆಯತಕ್ಕದ್ದಲ್ಲ. ಚರ್ಚೆ ಫಲಪ್ರದವಾಗಿತ್ತೆಂದು ದಾಖಲಿಸಿಕೊಂಡೆ.

ನೀರು ಇಳಿಯುತ್ತಾ ಹೋಗಿ ಕೆಳಗಿನ ಎರಡು ಸ್ಕ್ರೂಗಳ ಮಟ್ಟಕ್ಕೆ, ಅಂದರೆ ಮೊಣಕಾಲಿಗೆ, ಬಂದು ನಿಂತಿತು. ಸೋರಿಕೆ ತಾನಾಗಿಯೇ ನಿಂತಿರುವುದರಿಂದ ಕ್ರಮದ ಅಗತ್ಯವಿಲ್ಲವೆಂದು ಸ್ಟೋರ್‌ಕೀಪರ್ ಕಡತ ಮುಚ್ಚಿದರು. ಟೈಪಿಸ್ಟಮ್ಮನ ನಿವೃತ್ತಿಗೆ ನಾಲ್ಕು ದಿನ ಉಳಿದಿತ್ತು.

ಅಂದು ಸಂಜೆ ಆಕೆ ಏಣಿಯ ಮೇಲೆ ನಿಂತು ಒಳಗೆ ನೋಡಿದರು. ಆಮೇಲೆ ಹೊರಗೆ ನೋಡಿದರು. ದಾಖಲೆ ಕೊಠಡಿಗೆಂದು ಅಗೆದ ಗುಂಡಿ ಜೇಡಿಮಣ್ಣಿನದು. ಕೊಳದಿಂದ ಹೋದ ನೀರೆಲ್ಲ ಅಲ್ಲಿ ತಣ್ಣಗೆ ಕೂತಿತ್ತು.

"ಇಲ್ಲೇ ಇಳೀಲಾ ಮೇಷ್ಟ್ರೇ?"

"ಅದು ದಾಖಲೆ ಕೊಠಡಿ ಅಮ್ಮಾ. ಒದ್ದೆ ಬಟ್ಟೇಲಿ ದಾಖಲೆ ಕೊಠಡಿಗೆ ಹೋದ್ರೆ ಸಸ್ಪೆಂಡ್ ಮಾಡ್ತಾರೆ."

"ಎರಡು ಸಾವಿರ ವರ್ಗಾವಣೆ ಟೈಪ್ ಮಾಡಿದೀನಿ ಮೇಷ್ಟ್ರೇ. ಒಂದಕ್ಕೂ ಯಾಕೆ ಅಂತ ಕೇಳಿದವರಿಲ್ಲ," ಎಂದು ಟೈಪಿಸ್ಟಮ್ಮ ಏಣಿ ಇಳಿದು ಕಚೇರಿಯೊಳಗೆ ಹೋಗಿ ಟೈಪ್‌ರೈಟರಿನ ಮುಂದೆ ಕೂತರು.

ಮರುದಿನದ ಆದೇಶದ ಪ್ರತಿ ನನ್ನ ಬಳಿಯಿದೆ: "ಆಡಳಿತದ ಹಿತದೃಷ್ಟಿಯಿಂದ, ನೆಲದ ಮೇಲಿನ ಈಜುಕೊಳದ ನೀರನ್ನು ಪಕ್ಕದ ಗುಂಡಿಗೆ ವರ್ಗಾಯಿಸಲಾಗಿದೆ. ಬಹುಪಾಲು ನೀರು ಈಗಾಗಲೇ ಕರ್ತವ್ಯಕ್ಕೆ ಹಾಜರಾಗಿದ್ದು, ಉಳಿದದ್ದು ಕೂಡಲೇ ಹಾಜರಾಗತಕ್ಕದ್ದು. ತೆರವಾದ ಕೊಳವನ್ನು ದಾಖಲೆ ಕೊಠಡಿಯಾಗಿ ಬಳಸತಕ್ಕದ್ದು. ಮುಖ್ಯಾಧಿಕಾರಿಗಳ ಫಲಕವನ್ನು ಸಕಲ ಗೌರವದೊಂದಿಗೆ ಹೊಸ ಸ್ಥಳಕ್ಕೆ ಕೊಂಡೊಯ್ದು, ಅವರಿಂದಲೇ ಇನ್ನೊಮ್ಮೆ ಉದ್ಘಾಟನೆ ಮಾಡಿಸತಕ್ಕದ್ದು."

ಕೊನೆಯ ವಾಕ್ಯವನ್ನು ಮುಖ್ಯಾಧಿಕಾರಿಗಳು ಎರಡು ಸಲ ಓದಿ ಹಸಿರಿನಲ್ಲಿ ಸಹಿ ಹಾಕಿದರು.

ಉಳಿದ ನೀರನ್ನು ಮೇಷ್ಟ್ರು ಒಂದು ಪೈಪಿನಲ್ಲಿ ಗುಂಡಿಗೆ ಇಳಿಸಿದರು. ಗುಂಡಿಯ ಅಗಲ ಕೊಳಕ್ಕಿಂತ ಕಡಿಮೆಯಾದ್ದರಿಂದ ಅಲ್ಲಿ ಈಗ ಐದಡಿ ನೀರು.

"ಇನ್ನು ಕಾಲಿಗೆ ತಳ ಸಿಗೋಲ್ಲಮ್ಮ. ಯೋಚನೆ ಮಾಡಿ."

"ಒಳ್ಳೇದೇ ಆಯ್ತು. ಊರೋ ಆಸೆಯೇ ಇರಲ್ಲ."

ಸೇವೆಯ ಕೊನೆಯ ದಿನ, ಉದ್ಘಾಟನೆ ಮುಗಿದ ಮೇಲೆ, ಆಕೆ ನೀರಿಗಿಳಿದರು. ಮೊಮ್ಮಗಳು ಬೇಲಿಯ ಆಚೆ ನಿಂತಿದ್ದಳು. ಹದಿನಾರಡಿಯವರೆಗೆ ಸಲೀಸು. ಅಲ್ಲಿ ಕೈ ಸೋತಿತು. ನೀರು ಮೂಗಿಗೆ ಬಂತು. ಮೇಷ್ಟ್ರು ಚಪ್ಪಲಿ ಬಿಚ್ಚಿದರು.

"ಅಜ್ಜೀ, ಬಕೆಟ್ಟೂ!" ಬೇಲಿಯ ಕಡೆಯಿಂದ ಕೂಗು ಬಂತು.

ಟೈಪಿಸ್ಟಮ್ಮನ ಕಾಲು ಪಟಪಟನೆ ಬಡಿಯತೊಡಗಿತು, ಟೈಪ್‌ರೈಟರಿನ ವೇಗದಲ್ಲಿ. ಆಚೆ ತುದಿಯ ಮಣ್ಣಿನ ಗೋಡೆ ಕೈಗೆ ಸಿಕ್ಕಿದಾಗ ಆಕೆ ಒಂದು ಹಿಡಿ ಜೇಡಿಮಣ್ಣು ಕಿತ್ತುಕೊಂಡು ಬೇಲಿಯತ್ತ ಎತ್ತಿ ತೋರಿಸಿದರು. ಗುಂಡಿ ಕೊಳಕ್ಕಿಂತ ಹನ್ನೊಂದು ಅಂಗುಲ ಉದ್ದವಿದೆ. ಹೆಚ್ಚುವರಿ ಈಜಿಗೆ ಪೂರ್ವಾನುಮತಿ ಪಡೆದಿರಲಿಲ್ಲವಾದ್ದರಿಂದ ಆಕೆಗೆ ಕೊಟ್ಟ ಈಜು ಪ್ರಮಾಣಪತ್ರದಲ್ಲಿ ಇಪ್ಪತ್ತನಾಲ್ಕು ಅಡಿಯೆಂದೇ ನಮೂದಿಸಿದೆ.

ದಾಖಲೆ ಕೊಠಡಿ ಈಗ ಉತ್ತಮವಾಗಿ ನಡೆಯುತ್ತಿದೆ. ಕಡತ ಬೇಕಾದವರು ಏಣಿ ಹತ್ತಿ ಇಳಿಯುತ್ತಾರೆ. ಫಲಕ ಬಿಚ್ಚಿದ ಜಾಗದ ನಾಲ್ಕು ತೂತುಗಳಿಗೆ ಮೇಷ್ಟ್ರು ತೇಪೆ ಕೇಳಿದ್ದರು. ಸೋರಿಕೆ ಎಂದೂ ಸಾಬೀತಾಗಿಲ್ಲವಾದ್ದರಿಂದ ಉಗ್ರಾಣ ನಿರಾಕರಿಸಿತು. ಆಮೇಲೆ ಮಳೆ ಬಂದು ಒಂದೇ ರಾತ್ರಿಯಲ್ಲಿ ಕೊಠಡಿ ತುಂಬತೊಡಗಿತು. ಆದರೆ ನೀರು ಮೊಣಕಾಲಿಗಿಂತ ಮೇಲೇರಲಿಲ್ಲ, ತೂತುಗಳಿಂದ ಹೊರಗೆ ಹೋಯಿತು. ಕೆಳಗಿನ ಎರಡು ಸಾಲು ಕಡತಗಳು ಮಾತ್ರ ಮುದ್ದೆಯಾದವು; ಟಾರ್ಪಾಲು ಹೊದಿಸಿದ್ದ ಮೇಲಿನ ಆರು ಸಾಲು ಉಳಿದವು. ಈ ದೂರದೃಷ್ಟಿಗಾಗಿ ಸ್ಟೋರ್‌ಕೀಪರ್ ಅವರಿಗೆ ಪ್ರಶಂಸಾಪತ್ರ ನೀಡಲಾಗಿದೆ. ಇನ್ನು ಮುಂದೆ ಎಲ್ಲ ದಾಖಲೆ ಕೊಠಡಿಗಳಿಗೂ ನಾಲ್ಕು ತೂತು ಕಡ್ಡಾಯ.

ಒಂದು ಸಣ್ಣ ವ್ಯತ್ಯಾಸ ಉಳಿದಿದೆ. ಕಚೇರಿಯ ನಕ್ಷೆಯನ್ನು ತಿದ್ದುವ ಅಧಿಕಾರ ನಮಗಿಲ್ಲ. ನಕ್ಷೆಯಲ್ಲಿ ಆ ಗುಂಡಿ ಇಂದಿಗೂ ದಾಖಲೆ ಕೊಠಡಿಯೇ. ದಾಖಲೆ ಪರಿಶೀಲನೆಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಒಂದು ಗಂಟೆ ಅವಕಾಶವಿದೆ. ಪ್ರತಿ ಸೋಮವಾರ ಒಬ್ಬರು ನಿವೃತ್ತ ಮಹಿಳೆ, ತಪ್ಪಿಲ್ಲದೆ ಟೈಪು ಮಾಡಿದ ಅರ್ಜಿ, ಎರಡು ಟವೆಲು ಮತ್ತು ಒಬ್ಬ ಮೊಮ್ಮಗಳ ಸಮೇತ ಪರಿಶೀಲನೆಗೆ ಬರುತ್ತಾರೆ. ಅರ್ಜಿ ಕ್ರಮಬದ್ಧವಾಗಿರುತ್ತದೆ. ನಾನು ಮುದ್ರೆ ಒತ್ತಿ ಗೇಟು ತೆಗೆಯುತ್ತೇನೆ.