ಮಳೆಯಿಲ್ಲದೆ ತುಂಬಿದ ಡ್ರಮ್ಮಿನ ವಿಚಾರ

ಇಂದ:
ಹೊಲಿಗೆಯವಳು,
ಇಸ್ತ್ರಿ ಅಂಗಡಿಯ ಮೇಲಿನ ಮನೆ.

ಗೆ:
ಮುಖ್ಯಾಧಿಕಾರಿಗಳು,
ನಗರಾಡಳಿತ ಕಚೇರಿ.

ಮೂಲಕ:
ಟಪಾಲು ಗುಮಾಸ್ತರು, ಅದೇ ಕಚೇರಿ. ಇವರು ಅರ್ಜಿದಾರಳ ಗಂಡ.

ವಿಷಯ: ಮನೆಯ ನಲ್ಲಿ ಮತ್ತು ಕರೆಂಟನ್ನು ಶಾಶ್ವತವಾಗಿ ಕಡಿಯದಿರುವ ಬಗ್ಗೆ.

ಉಲ್ಲೇಖ: ಅವೆರಡನ್ನೂ ಕಡಿಯಬೇಕೆಂದು ಸದರಿ ಗಂಡನವರು ಕಳೆದ ಸೋಮವಾರ ತಾವೇ ಬರೆದು, ತಾವೇ ಸ್ವೀಕರಿಸಿ, ತಾವೇ ಮೊಹರು ಹಾಕಿಕೊಂಡ ಅರ್ಜಿ.

ಮಾನ್ಯರೇ,

ತಂತಿ, ಕೊಳವೆಗಳ ಹಂಗಿಲ್ಲದ ಸ್ವಾವಲಂಬಿ ಬದುಕಿಗೆ ಈ ಊರು ಯೋಗ್ಯವೇ ಎಂದು ಪರೀಕ್ಷಿಸಲು ಸದರಿ ಗಂಡನವರು ನಲವತ್ತು ದಿನಗಳ ಹಿಂದೆ ಮನೆಯ ಮೇನ್ ಸ್ವಿಚ್ಚಿಗೆ ಬೀಗ ಜಡಿದು, ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತಿದರು. ತಾರಸಿಯಲ್ಲಿ ಸೋಲಾರ್ ಫಲಕ, ಪುಟ್ಟ ಬ್ಯಾಟರಿ, ಮಳೆನೀರಿನ ಡ್ರಮ್, ಐದು ಬಕೆಟ್ ಬದನೆ ಗಿಡ. ದಿನಾ ಬೆಳಿಗ್ಗೆ ಡ್ರಮ್ಮಿಗೆ ಸ್ಕೇಲು ಇಳಿಸಿ ರಿಜಿಸ್ಟರಿನಲ್ಲಿ ಬರೆದರು. ಕೊನೆಗೆ ಊರಿಗೆ ನೂರಕ್ಕೆ ಎಂಬತ್ತೊಂದು ಅಂಕ ನೀಡಿರುತ್ತಾರೆ. ನೀರಿಗೆ ಪೂರ್ಣಾಂಕ.

ಈ ಬಗ್ಗೆ ಅರ್ಜಿದಾರಳ ಹೇಳಿಕೆ:

೧. ಮಳೆ ಬಂದದ್ದು ಮೊದಲ ದಿನ ಮಾತ್ರ. ಮೂರನೇ ದಿನಕ್ಕೆ ಆ ನೀರು ಮುಗಿಯಿತು. ಆಮೇಲೂ ಡ್ರಮ್ ತುಂಬಿರುವುದು ಹೇಗೆಂದು ಅವರು ಕೇಳಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

೨. ನೀರು ಹೊತ್ತವಳು ಅರ್ಜಿದಾರಳು. ಅವರು ಕಚೇರಿಗೆ ಹೋದ ಮೇಲೆ, ಕೆಳಗಿನ ಇಸ್ತ್ರಿಯವನ ನಲ್ಲಿಯಿಂದ, ದಿನಕ್ಕೆ ಆರು ಕೊಡ. ಪಕ್ಕದ ಕಟ್ಟಡದ ನೆರಳಿನ ಕಾರಣ ಫಲಕಕ್ಕೆ ಬಿಸಿಲು ಸಿಗುವುದು ಒಂದೇ ಗಂಟೆ. ಆದ್ದರಿಂದ ಬ್ಯಾಟರಿಯೂ ಬಟ್ಟೆ ಚೀಲದಲ್ಲಿ ಅಲ್ಲಿಗೇ ಹೋಗಿ ಬರುತ್ತಿತ್ತು. "ಏನಕ್ಕಾ, ನಿಮ್ಮನೆ ಸೂರ್ಯ ದಿನಾ ನನ್ನ ಪ್ಲಗ್ಗಲ್ಲೇ ಹುಟ್ತಾನಲ್ಲ?" ಎಂದು ಇಸ್ತ್ರಿಯವನು ಕೇಳಿದ್ದೂ ಉಂಟು.

೩. ಹನ್ನೊಂದು ವರ್ಷ ಬೇರೆಯವರ ಕಾಗದಕ್ಕೆ ಮೊಹರು ಹಾಕಿದ ಮನುಷ್ಯ ಮೊದಲ ಸಲ ತಮ್ಮದೊಂದು ಕಾಗದ ಬರೆಯುತ್ತಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ಅರ್ಜಿದಾರಳು ನೀರು ಹೊತ್ತಳು. ವಾರದೊಳಗೆ ಬೇಸರ ಬಂದು ಬಿಟ್ಟುಬಿಡುತ್ತಾರೆ ಎಂದುಕೊಂಡಳು. ಅಂದಾಜು ತಪ್ಪಿತು.

೪. ಅತ್ತೆಯವರ ಮಾತು ಯಥಾವತ್ತು: "ನೀರು ಸೇದಿ ಸೇದಿ ಸಾಕಾಗಿ, ನಲ್ಲಿ ಇದೆ ಅಂತಲೇ ಈ ಮನೆಗೆ ಮದುವೆಯಾಗಿ ಬಂದೋಳು ನಾನು. ಗಂಡಿನ ಮುಖಾನೂ ಸರಿಯಾಗಿ ನೋಡ್ಲಿಲ್ಲ. ಈಗ ಹೆತ್ತ ಮಗ ನಲ್ಲಿಗೆ ಬಟ್ಟೆ ಕಟ್ತಾನೆ!" ಮಗನ ಉತ್ತರ: "ಅಮ್ಮಾ, ಭಾವನೆಗೆ ಅಂಕ ಇಲ್ಲ."

೫. ಅರ್ಜಿದಾರಳ ಹೊಲಿಗೆ ಯಂತ್ರ ಮೋಟಾರಿನದು. ಆ ಬ್ಯಾಟರಿಗೆ ಅದು ಜಗ್ಗುವುದಿಲ್ಲ. ನರ್ಸುಗಳ ಮೂವತ್ತು ಸಮವಸ್ತ್ರ ಅರ್ಧಕ್ಕೆ ನಿಂತಿವೆ. ಶನಿವಾರ ಕೊಡದಿದ್ದರೆ ಆ ಕೆಲಸ ಬೇರೆಯವರ ಪಾಲು. "ಕೈಯಲ್ಲೇ ಹೊಲಿಯೇ, ಮೊದಲೆಲ್ಲ ಹಾಗೇ ತಾನೇ?" ಎಂದರು. "ರೀ, ಮೊದಲೆಲ್ಲ ಗುಮಾಸ್ತರೂ ಇರ್ಲಿಲ್ಲ" ಎಂದಳು.

ಆದ್ದರಿಂದ ಉಲ್ಲೇಖಿತ ಅರ್ಜಿಯನ್ನು ವಜಾ ಮಾಡಿ, ಈ ಊರು ಸ್ವಾವಲಂಬನೆಗೆ ಯೋಗ್ಯವಲ್ಲವೆಂದು ಪ್ರಮಾಣಪತ್ರ ನೀಡಬೇಕು. ಮೊಹರು ಕಡ್ಡಾಯ. ಮೊಹರಿಲ್ಲದ ಮಾತನ್ನು, ಹೆಂಡತಿಯದಾದರೂ, ಅವರು ನಂಬುವುದಿಲ್ಲ.

ತಮ್ಮ ವಿಶ್ವಾಸಿ,
ಮೂವತ್ತೇಳು ದಿನ ಗಂಡನಿಗೆ ಅವಿಶ್ವಾಸಿ,
ಹೊಲಿಗೆಯವಳು

ಲಗತ್ತು:
ರಿಜಿಸ್ಟರಿನ ನಕಲು.
ಇಸ್ತ್ರಿಯವನ ಸಾಕ್ಷಿ ಹೇಳಿಕೆ, ಇಸ್ತ್ರಿ ಮಾಡಿದ ಹಾಳೆಯಲ್ಲಿ.
ಬದನೆಕಾಯಿ ಒಂದು. ಒಟ್ಟು ಇಳುವರಿ ಇಷ್ಟೇ.

ವಿ.ಸೂ.: ಗುಮಾಸ್ತರು ಇದನ್ನು ಓದುವಾಗ ಅರ್ಜಿದಾರಳು ಕೌಂಟರಿನ ಈಚೆ ನಿಂತಿರುತ್ತಾಳೆ. ಎರಡನೇ ಅಂಶದ ಬಳಿ ಅವರು ಸ್ವಲ್ಪ ಹೊತ್ತು ಓದು ನಿಲ್ಲಿಸಬಹುದು. ಸಾಲಿನಲ್ಲಿರುವವರು ಗಲಾಟೆ ಮಾಡದಂತೆ ನೋಡಿಕೊಂಡು, ಆಮೇಲೆ ಅವರಿಗೆ ಮೊಹರು ಹಾಕಲು ಹೇಳಬೇಕಾಗಿ ಕೋರಿಕೆ.