ನೀರುನಾಯಿ ಕಡೆಯವರು

ನನ್ನ ನಾದಿನಿ ನಿಮ್ಮ ಮನೆಗೆ ಊಟಕ್ಕೆ ಬಂದರೆ, ದಯವಿಟ್ಟು ಅವಳ ಚೀಲದ ಡಬ್ಬಿಗೆ ಕೈ ಹಾಕಬೇಡಿ! ಚಟ್ನಿಪುಡಿ ತಂದಿದ್ದಾಳೆಂದು ನಂಜನಗೂಡಿನ ನಮ್ಮ ಅಡುಗೆಮನೆಯಲ್ಲಿ ಒಮ್ಮೆ ಮುಚ್ಚಳ ತೆಗೆದೆ. ಒಳಗಿದ್ದದ್ದು ಮೀನಿನ ಮುಳ್ಳು ತುಂಬಿದ ನೀರುನಾಯಿಯ ಹಿಕ್ಕೆ! ಚೀರಿದ ನನ್ನನ್ನು ಸಮಾಧಾನ ಮಾಡುವುದು ಬಿಟ್ಟು, "ಅತ್ತಿಗೆ, ಹುಷಾರು, ಚೆಲ್ಲಿಬಿಟ್ಟೀರಿ!" ಎಂದಳು.

ತಿ. ನರಸೀಪುರದಾಚೆ ಹೊಳೆದಂಡೆಯ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರ್. ಭಾನುವಾರ ಅವಳ ಕ್ಲಾಸಿನ ಮಕ್ಕಳು ದಡದಲ್ಲಿ ಕೂತು ನೀರುನಾಯಿ ಎಣಿಸಿ ಬರೆದಿಡುತ್ತಾರೆ; ಬಿಲದ ಹತ್ತಿರ ಬಲೆ ಬಿಡಬೇಡಿ ಎಂದು ಮೀನು ಹಿಡಿಯುವವರನ್ನು ಕಾಡಿಬೇಡುತ್ತಾರೆ. ಹೆತ್ತವರಿಗೆ ಇದು ಹಿಡಿಸಲಿಲ್ಲ. ಒಬ್ಬ ಹುಡುಗಿಯ ತಾಯಿಯಂತೂ ಸ್ಕೂಲಿಗೇ ಬಂದು ನಿಂತಳು:

"ಓದ್ಲಿ ಅಂತ ಕಳಿಸುದ್ರೆ ಒಳೆ ತಾವ ನಾಯಿ ಎಣ್ಸಕ್ಕೆ ಕೂರ್ಸಿದ್ದೀರಲ್ಲಾ ಮಿಸ್ಸು?"

ಹೆಡ್‌ಮೇಷ್ಟ್ರು ತೀರ್ಪು ಕೊಟ್ಟರು: ಪೋಷಕರ ಸಭೆಗೆ ತಿಳಿದವರು ಯಾರಾದರೂ ಬಂದು ಒಪ್ಪಿಸಬೇಕು, ಇಲ್ಲವಾದರೆ ಎಣಿಕೆ ಬಂದ್!

ಅದೇ ತಿಂಗಳು ಮೈಸೂರಿನಲ್ಲಿ ವನ್ಯಜೀವಿ ವಿಜ್ಞಾನಿಗಳ ಸಮ್ಮೇಳನ. ಆ ಹುಡುಗಿಗೇ ಮಾತಾಡಲು ಐದು ನಿಮಿಷ ಸಿಕ್ಕಿತ್ತು. ತಾಯಿ ಬೈದುಕೊಂಡೇ ಕಳಿಸಿದ್ದಳು. ನಾದಿನಿ ನನ್ನನ್ನೂ ಎಳೆದುಕೊಂಡು ಹೋದಳು. ಚೀಲದಲ್ಲೇನು? ಕುಂಕುಮದ ಭರಣಿ, ಅಕ್ಷತೆ!

"ಇದೇನೇ, ಮದುವೆಗೆ ಕರೆಯಕ್ಕೆ ಹೊರಟಿದ್ದೀಯಾ?"

"ಪೋಷಕರ ಸಭೆಗೆ ಬನ್ನಿ ಅಂತ ಈಮೇಲ್ ಕಳಿಸುದ್ರೆ ಯಾರು ಬತ್ತಾರೆ ಅತ್ತಿಗೆ? ಕುಂಕುಮ ಕೊಟ್ಟು ಕರೆದ್ರೆ ಬರ್ಲೇಬೇಕು. ನಾವು ನೀರುನಾಯಿ ಕಡೆಯವ್ರು. ನೀವೇ ಕರೀರಿ."

ನಾನು ಹಿಂದೆ ಸರಿದೆ. ನನ್ನ ಯಜಮಾನರು, ಅಂದರೆ ಅವಳ ಅಣ್ಣ, ತೀರಿಕೊಂಡ ಮೇಲೆ ಯಾವ ಶುಭಕಾರ್ಯದಲ್ಲೂ ನನ್ನ ಕೈಗೆ ಯಾರೂ ಭರಣಿ ಕೊಟ್ಟಿರಲಿಲ್ಲ.

"ನೀರುನಾಯಿಗೆ ಅದೆಲ್ಲಾ ತಿಳಿಯಲ್ಲ, ಹಿಡೀರಿ!" ಎಂದು ಕೈಗಿಟ್ಟೇಬಿಟ್ಟಳು.

ಟೀ ವೇಳೆಯಲ್ಲಿ ಹೆಂಗಸರಿಗೆ ಕುಂಕುಮ, ಗಂಡಸರಿಗೆ ಅಕ್ಷತೆ. ವಿದೇಶದ ವಿಜ್ಞಾನಿಯೊಬ್ಬರು ಅಕ್ಷತೆಯನ್ನು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, "ಗುಡ್" ಎಂದರು! ನಾಲ್ಕನೆಯವರ ಹತ್ತಿರ ಬರುವಷ್ಟರಲ್ಲಿ ನಾದಿನಿ ಹೇಳುವ ಮೊದಲೇ ನಾನೇ ಭರಣಿ ಚಾಚಿದ್ದೆ. ಅವಳ ಈ ಹುಚ್ಚಿಗೆ ನಾನು ಎಷ್ಟು ಋಣಿ ಎಂದು ಇನ್ನೂ ಹೇಳಿಲ್ಲ. ಹೇಳಿದರೆ ಇನ್ನೊಂದು ಡಬ್ಬಿ ತಂದಾಳು!

ವೇದಿಕೆಯಲ್ಲಿ ಹುಡುಗಿ ನೋಟ್‌ಬುಕ್ ಬಿಚ್ಚಿ ಕನ್ನಡದಲ್ಲೇ ಹೇಳಿದಳು. ಒಟ್ಟು ಎಷ್ಟು ನೀರುನಾಯಿ ಇವೆ ಎಂದು ಯಾರೋ ಕೇಳಿದರು.

"ಗೊತ್ತಿಲ್ಲ ಸಾ. ಒಂದನ್ನೇ ಎಲ್ಡು ಸಲ ಎಣ್ಸಿರ್ಬೋದು. ಅವು ಒಂದ್ಕಡೆ ನಿಂತ್ಕಳಲ್ವಲ್ಲ!"

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳಾ ವಿಜ್ಞಾನಿಯೊಬ್ಬರು ಮಾತ್ರ ನಗದೆ ಬರೆದುಕೊಂಡರು.

ಪೋಷಕರ ಸಭೆಗೆ ಬರುತ್ತೇವೆಂದು ತಲೆಯಾಡಿಸಿದವರಲ್ಲಿ ಬಂದದ್ದು ಆ ಹಿರಿಯ ವಿಜ್ಞಾನಿಯೊಬ್ಬರೇ, ಅದೂ ಬಸ್ಸಿನಲ್ಲಿ! ಅತಿಥಿಗೆ ಕುಂಕುಮ ಕೊಡಲು ನಾದಿನಿ ಅಂದೂ ಭರಣಿಯನ್ನು ನನ್ನ ಕೈಗೇ ಕೊಟ್ಟಿದ್ದಳು. ಅವರು ಪೋಷಕರಿಗೆ ಹೇಳಿದ್ದು ಇಷ್ಟೇ: "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಂಗೆ ಬಹಳ ವರ್ಷ ಹಿಡೀತು. ಈ ಮಗು ಹೊಳೆ ದಡದಲ್ಲಿ ಕೂತು ಈಗ್ಲೇ ಕಲಿತಿದೆ. ನಿಲ್ಲಿಸಬೇಡಿ."

ಹುಡುಗಿಯ ತಾಯಿ ಕೇಳಿದಳು: "ಇಷ್ಟು ಏಳಕ್ಕೆ ಅಷ್ಟು ದೂರದಿಂದ ಬಂದ್ರಾ?"

"ಈ ಅಮ್ಮ ಕುಂಕುಮ ಕೊಟ್ಟು ಕರೆದ್ರಲ್ಲ, ಬರದೆ ಇರೋದು ಹೇಗೆ?"

ಎಲ್ಲರೂ ನನ್ನ ಖಾಲಿ ಹಣೆಯತ್ತ ತಿರುಗಿದರು. ಭರಣಿಯನ್ನು ಸೆರಗಿನೊಳಗೆ ಸರಿಸಿಕೊಂಡೆ. ಅಷ್ಟರಲ್ಲಿ ಆ ತಾಯಿ ಎದ್ದು ಬಂದು ನನ್ನ ಮುಂದೆ ತಲೆ ಬಗ್ಗಿಸಿದಳು.

"ನಂಗೂ ಒಸಿ ಇಡಿ ಅಕ್ಕಾ. ಭಾನ್ವಾರ ಮಗಳ್ ಜೊತೆ ನಾನೂವೆ ಬತ್ತೀನಿ."