ತಿರಮಿಸು ಎಂಬ ಕ್ರಿಯಾಪದ

ಸೊಸೆಯಾದವಳು ಒಳ್ಳೆಯ ಹೆಸರು ಗಳಿಸುವುದಕ್ಕೆ ವರ್ಷಗಟ್ಟಲೆ ಬೇಕು, ಕಳೆದುಕೊಳ್ಳುವುದಕ್ಕೆ ಒಂದು ಬಸ್ಸಿನ ಪ್ರಯಾಣ ಸಾಕು. ನನ್ನ ಮಟ್ಟಿಗೆ ಅದು ಕಲಬುರ್ಗಿಯಿಂದ ಹುಮನಾಬಾದಿಗೆ ಹೋಗುವ ಬಸ್ಸು. ಅದು ನಡುವೆ ಕಮಲಾಪುರದಲ್ಲಿ ನಿಲ್ಲುತ್ತದೆ, ಮತ್ತು ಕಮಲಾಪುರದಲ್ಲಿ ನಮ್ಮ ಅತ್ತೆಯವರ ಮನೆಯಿದೆ. ಮನೆಯೆಂದರೆ ಬರೀ ಮನೆಯಲ್ಲ. ಭಾವ, ನೆಗೆಣ್ಣಿ, ಅವರ ಮಕ್ಕಳು, ಜೊತೆಗೆ ಮಧ್ಯಾಹ್ನ ಪಾತ್ರೆ ತಿಕ್ಕಿಟ್ಟು ಕಟ್ಟೆಗೆ ಬಂದು ಕೂಡುವ ಓಣಿಯ ಹೆಂಗಸರು. ಅಲ್ಲಿ ಒಬ್ಬರ ಕಿವಿಯಲ್ಲಿ ಹೇಳಿದ್ದು ದೀಪ ಹಚ್ಚುವುದರೊಳಗೆ ಊರ ಮಾತಾಗುತ್ತದೆ. ನಾನು ಕಲಬುರ್ಗಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಹುಡುಗರು ನನ್ನನ್ನು ಕಂಡರೆ ಬೀಡಿ ಬಚ್ಚಿಡುತ್ತಾರೆ ಎಂಬುದೆಲ್ಲ ಆ ಕಟ್ಟೆಗೆ ಸಂಬಂಧಪಡದ ವಿಷಯ. ಅವರ ಪಾಲಿಗೆ ನಾನು ರೊಟ್ಟಿ ದಪ್ಪ ಬಡಿಯುವ ಸಣ್ಣ ಸೊಸೆ, ಅಷ್ಟೇ.

ಊರಲ್ಲಿ ಕೇಬಲ್ ಟಿವಿ ಹೊಸದಾಗಿ ಬಂದಿದ್ದ ಕಾಲ. ಅತ್ತೆಯವರು ಹಲ್ಲಿಗೋಸ್ಕರ ನಮ್ಮ ಮನೆಗೆ ಬಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಅವರಿಗೆ ಎರಡೂ ಒಟ್ಟಿಗೇ ಇದ್ದವು, ಅದೇ ತೊಂದರೆಯಾಗಿದ್ದು. ಕಡಲೆ ಜಗಿದು ಜಗಿದು ಉಳಿದ ಹಲ್ಲುಗಳೂ ಅಲುಗಾಡತೊಡಗಿದ್ದವು. ಡಾಕ್ಟರು ಎಲ್ಲವನ್ನೂ ಕಿತ್ತು, ವಸಡು ಮಾಗಿದ ಮೇಲೆ ಹೊಸ ಸೆಟ್ಟು ಕೂಡಿಸುತ್ತೇನೆ, ಅಲ್ಲಿಯವರೆಗೆ ಮೆತ್ತಗಿನದು ಕೊಡಿ ಎಂದು ಹೇಳಿ ಕಳಿಸಿದರು. ಹೇಳುವುದು ಅವರಿಗೆ ಸುಲಭ. ನಮ್ಮ ಮನೆಯವರು ತಾವು ದುಡಿಯುವ ನಂದೂರಿನ ದಾಲ್ ಮಿಲ್ಲಿನ ಕೆಲಸವೆಂದು, ಮಕ್ಕಳಿಗೆ ಸೂಟಿ ಇದೆಯೆಂದು, ಮಕ್ಕಳನ್ನೂ ಕರೆದುಕೊಂಡು ಹೈದರಾಬಾದಿಗೆ ಹೊರಟುಹೋದರು. ಗಂಡಸರಿಗೆ ಇಂಥ ಹೊತ್ತಿನಲ್ಲೇ ಕೆಲಸ ಬರುವುದು ಹೇಗೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಮನೆಯಲ್ಲಿ ಉಳಿದವರು ಇಬ್ಬರೇ: ಹಲ್ಲಿಲ್ಲದ ಅತ್ತೆ ಮತ್ತು ಹಲ್ಲಿದ್ದೂ ಬಾಯಿ ತೆರೆಯಲಾಗದ ನಾನು.

ಜೋಳದ ರೊಟ್ಟಿ ಇಲ್ಲದ್ದು ಊಟವೇ ಅಲ್ಲ ಎನ್ನುವುದು ಅತ್ತೆಯವರ ಸಿದ್ಧಾಂತ. ಅನ್ನ ಮೆತ್ತಗೆ ಮಾಡಿದೆ; ಅದು ಬ್ಯಾನಿ ಬಿದ್ದು ಮಲಗಿದವರ ಊಟವಂತೆ. ಸಜ್ಜಕ ಮಾಡಿದೆ; ಹಬ್ಬವಿಲ್ಲದೆ ಸಿಹಿ ಯಾಕೆ ಎಂದರು. ರೊಟ್ಟಿಯನ್ನೇ ಹಾಲಿನಲ್ಲಿ ನೆನೆಹಾಕಿ ಕೊಟ್ಟೆ. ನಾನೇನು ಕೂಸೇ ಎಂದು ಬಟ್ಟಲು ಸರಿಸಿದರು. ಕೊನೆಗೆ ಮಾರ್ಕೆಟ್ಟಿಗೆ ಹೋಗಿ ಕಮಲಾಪುರದ ಕೆಂಪು ಬಾಳೆಹಣ್ಣು ತಂದೆ. ಇದಕ್ಕೆ ಯಾರು ತಾನೇ ಬೇಡವೆನ್ನುತ್ತಾರೆ ಎಂಬ ಧೈರ್ಯ. ಅತ್ತೆಯವರು ಹಣ್ಣನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ನಮ್ಮೂರ ಹಣ್ಣಲ್ಲ, ಯಾರೋ ನಿನಗೆ ಟೋಪಿ ಹಾಕಿದ್ದಾರೆ ಎಂದರು. ಖರೆ ನಮ್ಮೂರದೇ ಆಗಿದ್ದರೂ, ನಮ್ಮೂರ ಹಣ್ಣನ್ನು ರೊಕ್ಕ ಕೊಟ್ಟು ತಿನ್ನುವ ಹೊತ್ತು ತಮಗೆ ಬಂದಿಲ್ಲವೆಂದೂ ಸೇರಿಸಿದರು. ಹಾಲು, ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಒಂದು ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವರ ಕೈಚೀಲ ಬಾಗಿಲ ಬಳಿ ಬಂದು ಕೂತಿತ್ತು.

"ನಾಡದು ಮುಂಜಾನಿ ನನ್ನ ಬಸ್ಸಿಗಿ ಕೂಡಸು. ಅಲ್ಲಿ ಹ್ಯಾಂಗರ ಒಂದ್ ತುತ್ತು ಹೊಟ್ಟಿಗಿ ಬೀಳ್ತದ" ಎಂದರು.

ಬೇರೆ ಸೊಸೆಯಾಗಿದ್ದರೆ ಅತ್ತೆ ಬಡವಾಗುತ್ತಿದ್ದಾರಲ್ಲ ಎಂದು ಮರುಗುತ್ತಿದ್ದಳೇನೋ. ನನಗೆ ಕಣ್ಣ ಮುಂದೆ ಬಂದದ್ದು ಕಮಲಾಪುರದ ಕಟ್ಟೆ. ಕೆನ್ನೆ ಒಳಗೆ ಹೋದ ಅತ್ತೆ ಬಸ್ಸಿನಿಂದ ಇಳಿಯುತ್ತಾರೆ. ಕಟ್ಟೆಯ ಮೇಲಿನವರು ಅವರನ್ನು ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನೌಕರಿ ಮಾಡುವ ಸೊಸೆ ಅತ್ತೆಗೆ ಕೂಳು ಹಾಕಲಿಲ್ಲ! ಆಮೇಲೆ ನಾನು ಕಾಲೇಜಿನ ಪ್ರಿನ್ಸಿಪಾಲಳಾದರೂ ಆ ಮಾತು ಅಳಿಯುವಂಥದ್ದಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಈ ಸಂಕಟ ತೋಡಿಕೊಂಡೆ. ನಮ್ಮ ಗೃಹವಿಜ್ಞಾನದ ಮೇಡಂ ಆಗತಾನೆ ಹೈದರಾಬಾದಿನಲ್ಲಿ ಏನೋ ತರಬೇತಿ ಮುಗಿಸಿ, ಅಲ್ಲಿನ ದೊಡ್ಡ ಹೋಟೆಲಿನಲ್ಲಿ ಉಂಡು ಬಂದಿದ್ದರು. ಅವರ ಪ್ರಕಾರ ಜಗತ್ತಿನಲ್ಲಿ ಹಲ್ಲಿಲ್ಲದವರಿಗೆಂದೇ ಹುಟ್ಟಿದ ತಿನಿಸು ಒಂದೇ, ತಿರಮಿಸು. ನನ್ನ ಕಿವಿ ನೆಟ್ಟಗಾಯಿತು. ಗಮನಿಸು, ಕ್ಷಮಿಸು, ತಿರಮಿಸು! ಇದು ತಿಂಡಿಯ ಹೆಸರು ಹೇಗಾದೀತು, ಇದು ಕ್ರಿಯಾಪದ, ವಿಧ್ಯರ್ಥ ರೂಪ. ತಿರಮಿಸಿದಳು, ತಿರಮಿಸುತ್ತಾಳೆ, ತಿರಮಿಸುವಳು ಎಂದು ನಾನು ಆಗಲೇ ಮನಸ್ಸಿನಲ್ಲಿ ಕಾಲಗಳನ್ನು ಕಟ್ಟತೊಡಗಿದ್ದೆ. ಅಳುವ ಕೂಸನ್ನು, ಮುನಿದವರನ್ನು ಸಮಾಧಾನ ಮಾಡುವುದಕ್ಕೆ ನಮ್ಮ ಕಡೆ ರಮಿಸುವುದು ಎನ್ನುತ್ತೇವೆ. ತಿನ್ನಿಸಿ ರಮಿಸು ಎಂಬುದೇ ಬಾಯಿಂದ ಬಾಯಿಗೆ ಹೋಗುತ್ತ ತಿರಮಿಸು ಆಗಿರಬಾರದೇಕೆ? ಇಷ್ಟೊಂದು ಲೋಪವಾಗುವ ಲೋಪಸಂಧಿ ಕನ್ನಡದಲ್ಲಿ ಇಲ್ಲ, ನಿಜ. ಮೇಡಂ ಅದು ಇಟಲಿಯ ಮಾತೆಂದೂ, ನನ್ನನ್ನು ಮೇಲಕ್ಕೆತ್ತು ಎಂದು ಅದರ ಅರ್ಥವೆಂದೂ ಹೇಳಿದರು. ಹಾಗಾದರೆ ಅಲ್ಲೂ ವಿಧ್ಯರ್ಥವೇ! ಇಷ್ಟು ಸರಿಯಾಗಿ ಊಹಿಸಿದ ಮೇಲೆ ಮಾಡದೆ ಬಿಡುವುದು ವ್ಯಾಕರಣಕ್ಕೆ ಅವಮಾನ ಮಾಡಿದಂತೆ ಎನಿಸಿತು.

ಮೇಡಂ ಹೇಳಿದ ಸಾಮಾನುಗಳಲ್ಲಿ ಮೊಟ್ಟೆಯೂ ಒಂದಿಷ್ಟು ಮದ್ಯವೂ ಇದ್ದವು. ಅತ್ತೆ ಮನೆಯಲ್ಲಿರುವಾಗ ಆ ಎರಡು ಶಬ್ದಗಳನ್ನು ನೆನೆಯುವುದೂ ಕ್ಷೇಮವಲ್ಲವೆಂದು ಅಲ್ಲೇ ಬಿಟ್ಟೆ. ಬೆರಳಿನಂಥ ಮೆತ್ತಗಿನ ಬಿಸ್ಕೀಟು ಬೇಕಂತೆ. ಬೇಕರಿಯವನಿಗೆ ನನ್ನ ಬೆರಳು ತೋರಿಸಿ ಕೇಳಿದೆ. ಅವನು ನನ್ನ ಬೆರಳನ್ನೂ ಮುಖವನ್ನೂ ನೋಡಿ, "ಟೋಸ್ಟ್ ಒಯ್ರಿ ಬಾಯೀ, ಚಾದಾಗ ಅದ್ದಿದ್ರ ಎಲ್ಲಾ ಮೆತ್ತಗೇ" ಎಂದ. ಇಟಲಿಯ ಮೆತ್ತಗಿನ ಚೀಸಿಗೆ ಬದಲು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿದೆ. ಕೋಕೋ ಬದಲು ಮಕ್ಕಳ ಹಾಲಿಗೆ ಹಾಕುವ ಚಾಕಲೇಟು ಪುಡಿ. ಕಾಫಿಯ ಸಣ್ಣ ಪೊಟ್ಟಣವೊಂದು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತ ಜೋತುಬಿದ್ದಿತ್ತು. ಚಹಾ ಕುಡಿಯುವ ಊರಿನಲ್ಲಿ ಅದಕ್ಕೂ ಯಾರೋ ಬರಲೇಬೇಕಿತ್ತಲ್ಲ.

ಇಬ್ಬರಿಗೆ ಆಗುವಷ್ಟೇ ಮಾಡಿ, ಇದು ಉಳಿದರೆ ಕೆಡುತ್ತದೆ ಎಂದು ಮೇಡಂ ಎಚ್ಚರಿಸಿದ್ದರು. ಇಬ್ಬರಿಗೆ ಮಾಡುವುದು ಎಷ್ಟು ಕಷ್ಟವೆಂದು ನನಗೆ ಅವತ್ತೇ ತಿಳಿದದ್ದು. ನಮ್ಮ ಮನೆಯಲ್ಲಿ ಇಬ್ಬರಿಗೆಂದು ಒಂದು ಪಾತ್ರೆಯೂ ಇಲ್ಲ; ಏನು ಮಾಡಿದರೂ ಅಚಾನಕ್ ಬರುವವರಿಗೆ ಒಂದು ಪಾಲು ಮೊದಲೇ ಬಿದ್ದಿರುತ್ತದೆ. ಕೊನೆಗೆ ಎರಡು ಸ್ಟೀಲು ಬಟ್ಟಲುಗಳನ್ನೇ ಪಾತ್ರೆಯೆಂದು ತಿಳಿದುಕೊಂಡೆ. ಗಟ್ಟಿ ಮೊಸರಿಗೆ ಸಕ್ಕರೆ, ಹಾಲಿನ ಕೆನೆ ಸೇರಿಸಿ ತಿರುವುತ್ತಿರುವಾಗ ಅತ್ತೆಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು. ಶ್ರೀಖಂಡವೇ ಎಂದು ಕೇಳಿದರು. ಬುದ್ಧಿಯಿದ್ದ ಯಾವ ಹೆಂಗಸಾದರೂ ಹೌದೆಂದು ಹೇಳಿ, ಏಲಕ್ಕಿ ಉದುರಿಸಿ, ಬಟ್ಟಲು ಕೈಗೆ ಕೊಟ್ಟು ಅಲ್ಲಿಗೇ ಪ್ರಕರಣ ಮುಗಿಸುತ್ತಿದ್ದಳು. ನಾನು ಅಲ್ಲವೆಂದು ಹೇಳಿ, ಟೋಸ್ಟನ್ನು ಕಾಫಿಯಲ್ಲಿ ಅದ್ದಿದೆ. ಮೊದಲನೆಯದು ಕೈಯಲ್ಲೇ ಕರಗಿ ಕಾಫಿಯಲ್ಲಿ ಮುಳುಗಿತು. ಅತ್ತೆಯವರು ಹೊರಗೆ ಹೋಗಿ ಕೂತರು. ಉಳಿದವನ್ನು ಅವಸರದಲ್ಲಿ ಅದ್ದಿ ತೆಗೆದು, ಬಟ್ಟಲಿನಲ್ಲಿ ಹಾಸಿ, ಮೇಲೆ ಮೊಸರು ಬಳಿದು, ಪುಡಿ ಉದುರಿಸಿ ಫ್ರಿಜ್ಜಿನಲ್ಲಿಟ್ಟೆ. ಮುಂಜಾನೆಯವರೆಗೆ ಮುಟ್ಟಬಾರದು ಎನ್ನುವುದು ಮೇಡಂ ಹಾಕಿದ್ದ ಕಟ್ಟಳೆ. ಅತ್ತೆಯವರು ಹಾಲು ಕುಡಿದು ಮಲಗಿದರು. ಕೈಚೀಲ ಬಾಗಿಲ ಬಳಿಯಿಂದ ಕದಲಲಿಲ್ಲ.

ಬೆಳಿಗ್ಗೆ ಅವರು ಸೆರಗು ಹೊದ್ದು ಬಸ್ಸಿಗೆ ಸಿದ್ಧರಾಗಿ ಕೂತಿದ್ದರು. ನಾನು ಬಟ್ಟಲು ಮುಂದಿಟ್ಟು, ಇದೊಂದು ತಿಂದು ಹೊರಡಿ ಎಂದೆ. ನನ್ನ ದನಿ ನನಗೇ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವಳ ದನಿಯಂತೆ ಕೇಳಿಸಿತು. ಅವರು ಮೂಸಿ ನೋಡಿದರು. ಚಮಚದ ತುದಿಯಷ್ಟು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಚಮಚವನ್ನು ಬದಿಗಿಟ್ಟು, ಬೆರಳಿನಿಂದಲೇ ಬಟ್ಟಲಿನ ಅಂಚಿನವರೆಗೆ ಬಳಿದು ತಿಂದರು. ನಿನ್ನದೆಲ್ಲಿ ಎಂದು ಕೇಳಿದರು. ನಾನು ಉಪಚಾರಕ್ಕೆ ನನ್ನ ಬಟ್ಟಲನ್ನೂ ಮುಂದೆ ಸರಿಸಿದೆ. ಅವರು ಉಪಚಾರಕ್ಕೂ ಬೇಡವೆನ್ನಲಿಲ್ಲ. ಇಬ್ಬರಿಗೆಂದು ಮಾಡಿದ ತಿರಮಿಸು ಹೇಗಿತ್ತೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಹೇಳಲಾರೆ. ಬಾಯಿ ಒರೆಸಿಕೊಂಡು, "ಬಸ್ಸು ಹೋಗಿರಬೇಕೀಗ" ಎಂದು ಕೈಚೀಲ ಎತ್ತಿಕೊಂಡು ಒಳಗೆ ಹೋದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೊಸ ಹಲ್ಲು ಬರುವವರೆಗೆ ಅವರು ನಮ್ಮಲ್ಲೇ ಇದ್ದು, ಅನ್ನವನ್ನೂ ಸಜ್ಜಕವನ್ನೂ ತಕರಾರಿಲ್ಲದೆ ಉಂಡು, ಕೆನ್ನೆ ತುಂಬಿಕೊಂಡೇ ಕಮಲಾಪುರಕ್ಕೆ ಹೋದರು.

ಸ್ವಲ್ಪ ದಿನಗಳ ಮೇಲೆ ನೆಗೆಣ್ಣಿಯ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ನಾನೂ ಅಲ್ಲಿಗೆ ಹೋದೆ. ಎದೆಯುಬ್ಬಿಸಿಕೊಂಡೇ ಹೋದೆ. ಹೆಂಗಸರೆಲ್ಲ ಕೂತು ಹೋಳಿಗೆ ಲಟ್ಟಿಸುತ್ತಿದ್ದರು. ನಾನು ಕೂಡುತ್ತಲೇ ಓಣಿಯ ಹಿರಿಯಳೊಬ್ಬಳು ಮರುಕದಿಂದ ನೋಡಿ, "ಹೌದೇನವ್ವಾ, ಹಲ್ಲಿಲ್ಲದ ಅತ್ತಿಗಿ ತಂಗಳ ಹಾಕ್ದೆಂತಲ್ಲ? ರಾತ್ರಿ ನೆನಸಿಟ್ಟ ಟೋಸ್ಟು ಮುಂಜಾನಿ ಕೊಟ್ಟೆಂತ" ಎಂದಳು. ನಾನು ಆ ವಾಕ್ಯವನ್ನು ಮನಸ್ಸಿನಲ್ಲಿ ಬಿಡಿಸಿ ನೋಡಿದೆ. ಕರ್ತೃ, ಕರ್ಮ, ಕ್ರಿಯೆ ಎಲ್ಲ ಸರಿಯಾಗಿದ್ದವು. ಸುಳ್ಳಂತೂ ಒಂದಕ್ಷರವೂ ಇರಲಿಲ್ಲ. ಅತ್ತೆಯವರ ಕಡೆ ನೋಡಿದೆ. ಅವರು ಹೂರಣದ ಪಾತ್ರೆ ತರುವ ನೆವದಲ್ಲಿ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ, ಮತ್ತೆ ಕಲಬುರ್ಗಿಗೆ ಬಂದರೆ ಅದನ್ನು ಮಾಡಿಕೊಡುತ್ತೀಯಾ ಎಂದು ಕಿವಿಯಲ್ಲಿ ಕೇಳಿದರು.

ನನ್ನ ಹೆಸರು ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದೆಂದು ತಿಳಿದು, ಲಟ್ಟಣಿಗೆಗಳೆಲ್ಲ ನಿಲ್ಲುವಷ್ಟು ಗಟ್ಟಿಯಾಗಿ, "ಹೂಂರೀ ಅತ್ತಿ, ನೀವು ಯಾವಾಗ ಬಂದ್ರೂ ಅದನ್ನೇ ಹಾಕ್ತೀನಿ" ಎಂದೆ.

ಅತ್ತೆಯವರು ಹೊಸ ಹಲ್ಲು ಒಂದೂ ಕಾಣದಂತೆ ತುಟಿ ಬಿಗಿದುಕೊಂಡು ಹೆಂಗಸರ ಕಡೆ ತಿರುಗಿ, "ಕೇಳಿದ್ರಿಲ್ಲ? ಆಕೀನೇ ಹೇಳಾಕತ್ತಾಳ" ಎಂದರು. ಇಷ್ಟು ವರ್ಷ ಮಕ್ಕಳಿಗೆ ಸರ್ವನಾಮ ಕಲಿಸಿದವಳು ನಾನು. ಅವತ್ತು ಒಂದೇ ಒಂದು ಸಲ ನಾಮಪದ ಬಳಸಿದ್ದರೆ ಸಾಕಿತ್ತು.